ವಿಮಾನವಾಹಕ ನೌಕೆಗಳ ರಚನಾಭೇದ

ವಿಮಾನವಾಹಕ ನೌಕೆಯೆಂದರೆ ಕಡಲ ಮೇಲೆ ತೇಲುವ ವಿಮಾನನಿಲ್ದಾಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ವರ್ಣನೆ ಸ್ಥೂಲವಾಗಿ ಸರಿಯಾದರೂ ಆ ನೌಕೆಯ ಸ್ವರೂಪವನ್ನು ತಿಳಿಯುವುದಕ್ಕೆ ಸಾಲದು. ನೆಲದ ಮೇಲಣ ನಿಲ್ದಾಣವನ್ನು ಬೇಕಾದಂತೆ ವಿಸ್ತರಿಸಬಹುದು. ನೌಕೆಗಾದರೋ ಉದ್ದ, ಅಗಲ, ತೂಕ ಇವೆಲ್ಲಕ್ಕೂ ಮಿತಿಯುಂಟು. ಒಂದಕ್ಕೆ ಕೊಟ್ಟುದನ್ನು ಮತ್ತೊಂದರಿಂದ ಕಳೆಯಲೇಬೇಕು. ಆದುದರಿಂದ ಯಾವ ನೌಕಾಸೇನೆ ಯಾವುದಕ್ಕೆ ಹೆಚ್ಚು ಬೆಲೆಕೊಟ್ಟಿತು, ಯಾವುದಕ್ಕೆ ಅಂಜಿತು ಎಂಬುದು ಅದರ ನೌಕೆಯ ರಚನೆಯಲ್ಲಿಯೇ ವ್ಯಕ್ತವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕ, ಜಪಾನ್ ಈ ಮೂರು ದೇಶಗಳ ನೌಕೆಗಳನ್ನು ಹೋಲಿಸಿ ನೋಡಿದರೆ ಈ ತತ್ತ್ವವು ವಿಶದವಾಗುವುದು.

೧

ಈ ನೌಕೆಯ ಮುಖ್ಯ ಭಾಗಗಳು ಎರಡು. ವಿಮಾನಗಳು ಏರುವುದಕ್ಕೂ ಇಳಿಯುವುದಕ್ಕೂ ಇರುವ ನೀಳವಾದ ಮೇಲಣ ಡೆಕ್ಕು ಒಂದು; ಅದರ ಕೆಳಗೆ ವಿಮಾನಗಳನ್ನು ಇಟ್ಟು ದುರಸ್ತು ಮಾಡುವ ಹ್ಯಾಂಗರು, ಎಂದರೆ ವಿಮಾನಶಾಲೆ, ಇನ್ನೊಂದು. ಲಿಫ್ಟುಗಳು ಇವೆರಡನ್ನೂ ಕೂಡಿಸುತ್ತವೆ. ಮೇಲಿನಿಂದ ಬೀಳುವ ಬಾಂಬನ್ನು ತಡೆಯಲು ಡೆಕ್ಕಿಗೆ ದಪ್ಪನಾದ ಉಕ್ಕಿನ ಕವಚವನ್ನು ತೊಡಿಸಬಹುದು. ಆದರೆ ಅಷ್ಟು ಭಾರವನ್ನು ಅಷ್ಟು ಎತ್ತರದಲ್ಲಿ ಹೇರಿದರೆ ನೌಕೆ ಓಲಾಡಿ ಮಗುಚಿಕೊಳ್ಳುವ ಭಯವಿರುವುದರಿಂದ, ವಿಮಾನಶಾಲೆಯನ್ನು ಕುಗ್ಗಿಸಿ ಡೆಕ್ಕನ್ನು ತಗ್ಗಿಸಬೇಕಾಗುತ್ತದೆ. ವಿಮಾನಶಾಲೆ ಕುಗ್ಗಿದರೆ ವಿಮಾನಗಳ ಸಂಖ್ಯೆಯೂ ಕುಗ್ಗುತ್ತದೆ. ಕವಚವೋ ವಿಮಾನವೋ ಎಂಬ ಪ್ರಶ್ನೆ ಹುಟ್ಟಿದುದು ಹೀಗೆ. ೧೯೨೨ರ ವಾಷಿಂಗ್ಟನ್ ಒಪ್ಪಂದವು ಈ ಬಗೆಯ ನೌಕೆಗಳ ಒಟ್ಟು ತೂಕವನ್ನು ಬ್ರಿಟನ್ನಿಗೂ ಅಮೆರಿಕಕ್ಕೂ ತಲಾ ೧,೩೫,೦೦೦ ಟನ್ನುಗಳಿಗೆ, ಜಪಾನಿಗೆ ೮೧,೦೦೦ ಟನ್ನುಗಳಿಗೆ ಮಿತಗೊಳಿಸಿದ್ದರಿಂದ ಆ ಪ್ರಶ್ನೆ ಮತ್ತಷ್ಟು ತೀಕ್ಷ್ಣವಾಯಿತು.

೨

ಮೊದಲಿಂದ ಕೊನೆಯವರೆಗೆ ಅಡೆತಡೆಯಿಲ್ಲದ ಡೆಕ್ಕನ್ನುಳ್ಳ ಮೊದಲನೆಯ ನೌಕೆ ಬ್ರಿಟನ್ನಿನ ಆರ್ಗಸ್. ಇದು ೧೯೧೮ರಲ್ಲಿ ಸೇವೆಗೆ ಬಂದಿತು. ಆದರೆ ಅದೇ ವರ್ಷ ಏಪ್ರಿಲಿನಲ್ಲಿ ನೌಕಾಸೇನೆಯ ವಿಮಾನದಳವು ಹೊಸದಾದ ವಾಯುಸೇನೆಯಲ್ಲಿ ವಿಲೀನವಾಯಿತು. ನೌಕೆಗಳು ಒಂದು ಇಲಾಖೆಯವು, ವಿಮಾನಗಳು ಮತ್ತೊಂದು ಇಲಾಖೆಯವು ಎಂಬ ಈ ಸ್ಥಿತಿ ೧೯೩೯ರವರೆಗೂ ಪೂರ್ತಿಯಾಗಿ ತಪ್ಪಲಿಲ್ಲ. ವಿಮಾನಗಳೇ ಕಡಮೆಯಾಗಿದ್ದಾಗ ಅವುಗಳಿಗೆ ವಿಶಾಲವಾದ ಶಾಲೆಯ ಅಗತ್ಯವೂ ಅಷ್ಟಾಗಿ ಕಾಣಲಿಲ್ಲ.

ಇದರ ಜೊತೆಗೆ ಬ್ರಿಟಿಷರು ಕಾದಬೇಕಾಗಿದ್ದುದು ಉತ್ತರ ಸಮುದ್ರ, ಮೆಡಿಟರೇನಿಯನ್ ಮೊದಲಾದ ಇಕ್ಕಟ್ಟಿನ ಕಡಲುಗಳಲ್ಲಿ. ಅಲ್ಲಿ ಶತ್ರುವಿನ ಭೂನೆಲೆಗಳಿಂದ ಹೊರಟ ಬಾಂಬು ವಿಮಾನಗಳು ಯಾವಾಗ ಬೇಕಾದರೂ ಮೇಲೆರಗಬಹುದಾಗಿತ್ತು. ನೌಕೆಗಳಲ್ಲಿ ಇನ್ನೂ ರೇಡಾರ್ ಇಲ್ಲದಿದ್ದ ೧೯೩೬ರ ಸುಮಾರಿನಲ್ಲಿ, ಬರುವ ಶತ್ರುವನ್ನು ಮುಂಚಿತವಾಗಿ ಅರಿತು ಫೈಟರುಗಳನ್ನು ಮೇಲಕ್ಕೆ ಕಳುಹಿಸಲು ಸಮಯವೇ ಸಿಕ್ಕದೆಂದು ತಜ್ಞರು ಎಣಿಸಿದರು. ಪೆಟ್ಟನ್ನು ತಪ್ಪಿಸಲಾಗದಿದ್ದರೆ ತಾಳಿಕೊಳ್ಳಲಾದರೂ ಬೇಕೆಂಬ ನಿಶ್ಚಯದಿಂದ, ಅಡ್ಮಿರಲ್ ರೆಜಿನಾಲ್ಡ್ ಹೆಂಡರ್ಸನ್ನರ ಒತ್ತಾಸೆಯಲ್ಲಿ ಇಲಸ್ಟ್ರಿಯಸ್ ವರ್ಗದ ನೌಕೆಗಳು ರೂಪುಗೊಂಡವು. ಅವುಗಳ ಡೆಕ್ಕಿಗೆ ೩ ಅಂಗುಲದ, ವಿಮಾನಶಾಲೆಯ ಪಕ್ಕಗಳಿಗೆ ೪½ ಅಂಗುಲದ ಉಕ್ಕಿನ ಕವಚ. ಇದರ ಫಲವಾಗಿ ಇಲಸ್ಟ್ರಿಯಸ್ಸಿನ ಯೋಜಿತ ವಿಮಾನಸಂಖ್ಯೆ ೩೬ಕ್ಕೆ ಇಳಿಯಿತು. ಅದರ ವಿಮಾನಶಾಲೆಯ ಎತ್ತರವು ೧೬ ಅಡಿ ಮಾತ್ರ. ಮುಂದೆ ಅಮೆರಿಕದ ಕೋರ್ಸೇರ್ ವಿಮಾನಗಳನ್ನು ತರಿಸಿಕೊಂಡಾಗ ಮಡಿಸಿದ ರೆಕ್ಕೆಗಳು ಸೂರಿಗೆ ತಾಗುವುದೆಂದು ಪ್ರತಿ ರೆಕ್ಕೆಯ ತುದಿಯಲ್ಲಿ ೮ ಅಂಗುಲದಷ್ಟನ್ನು ಕತ್ತರಿಸಬೇಕಾಯಿತು.

೩

ಅಮೆರಿಕದ ಸ್ಥಿತಿ ಬೇರೆ. ಅದರ ಮುಂದಿದ್ದುದು ಪಾರವಿಲ್ಲದ ಪೆಸಿಫಿಕ್ ಸಾಗರ. ಅಲ್ಲಿ ಭೂನೆಲೆಗಳ ಭಯಕ್ಕಿಂತ ಶತ್ರುವಿನ ವಿಮಾನವಾಹಕ ನೌಕೆಯ ಭಯ ಹೆಚ್ಚು. ಯಾರು ಮೊದಲು ಕಂಡು ಮೊದಲು ಹೊಡೆಯುವರೋ ಅವರಿಗೆ ಜಯವೆಂಬುದು ಅಲ್ಲಿಯ ಲೆಕ್ಕ. ಅದಕ್ಕೆ ವಿಮಾನಗಳ ಬಾಹುಳ್ಯವೇ ಬೇಕು. ಕಲ್ಲಿದ್ದಲಿನ ಹಡಗನ್ನು ಮಾರ್ಪಡಿಸಿ ಮಾಡಿದ ಲ್ಯಾಂಗ್ಲೀ ಎಂಬ ನೌಕೆಯಲ್ಲಿ ೧೯೨೫ರಿಂದ ಜೋಸೆಫ್ ರೀವ್ಸ್ ಎಂಬ ಅಧಿಕಾರಿಯು ಒಂದು ಹೊಸ ಕ್ರಮವನ್ನು ರೂಢಿಗೆ ತಂದನು. ಅದುವರೆಗೆ ಇಳಿದ ವಿಮಾನವನ್ನು ಲಿಫ್ಟಿನಲ್ಲಿ ಕೆಳಕ್ಕೆ ಕಳುಹಿಸಿದ ಮೇಲೆಯೇ ಮುಂದಿನದಕ್ಕೆ ಅಪ್ಪಣೆ. ಹೊಸ ಕ್ರಮದಲ್ಲಾದರೋ ಇಳಿದ ವಿಮಾನವನ್ನು ಡೆಕ್ಕಿನ ಮುಂಭಾಗಕ್ಕೆ ತಳ್ಳಿ, ನಡುವೆ ತಂತಿಯ ಅಡ್ಡಗಟ್ಟನ್ನು ಎತ್ತಿ, ಒಡನೆಯೇ ಇನ್ನೊಂದನ್ನು ಇಳಿಸಿಕೊಳ್ಳುವುದು. ವಿಮಾನಗಳಿಗೆ ಡೆಕ್ಕೇ ತಂಗುದಾಣವಾಯಿತು. ಇದರಿಂದ ಆ ಚಿಕ್ಕ ನೌಕೆ ಹೊರುವ ವಿಮಾನಗಳ ಸಂಖ್ಯೆ ಮೊದಲಿನ ಎರಡರಷ್ಟನ್ನೂ ಮೀರಿತು.

ಈ ಅನುಭವವೇ ಎಸೆಕ್ಸ್ ವರ್ಗಕ್ಕೆ ತಳಹದಿ. ಇದರ ಮೇಲಣ ಡೆಕ್ಕು ತೆಳುವಾದ ಉಕ್ಕಿನ ಮೇಲೆ ಹಾಸಿದ ಮರದ ಹಲಗೆಗಳದು. ಕವಚವಿದ್ದುದು ಅದರ ಕೆಳಗಣ ವಿಮಾನಶಾಲೆಯ ನೆಲಕ್ಕೆ. ವಿಮಾನಶಾಲೆಯ ಪಕ್ಕಗಳು ತೆರೆದಿರುತ್ತಿದ್ದುದರಿಂದ ಗಾಳಿಯಾಡುತ್ತಿತ್ತು. ಒಳಗಿದ್ದಾಗಲೇ ಎಂಜಿನುಗಳನ್ನು ಬಿಸಿಮಾಡಬಹುದಾಗಿತ್ತು. ಈ ನೌಕೆ ತೊಂಬತ್ತರ ಸುಮಾರು ವಿಮಾನಗಳನ್ನು ಹೊತ್ತೊಯ್ಯುತ್ತಿತ್ತು. ನೌಕೆಗೆ ನಿಜವಾದ ಕವಚವೆಂದರೆ ಅದರ ಫೈಟರುಗಳೇ ಎಂಬುದು ಅಮೆರಿಕನ್ನರ ಮತ.

೪

ಜಪಾನೀಯರು ಆಕ್ರಮಣವನ್ನೇ ಪರಮಧರ್ಮವಾಗಿ ಭಾವಿಸಿದರು. ಹಲವು ನೌಕೆಗಳನ್ನು ಒಂದೇ ದಳವಾಗಿ ಕೂಡಿಸಿ ಏಕಕಾಲದಲ್ಲಿ ಹೊಡೆಯುವ ವಿದ್ಯೆಯಲ್ಲಿ ಅವರೇ ಮೊದಲಿಗರು. ೧೯೪೧ರ ಡಿಸೆಂಬರ್ ೭ರಂದು ಪರ್ಲ್ ಹಾರ್ಬರಿನ ಮೇಲೆ ಆರು ನೌಕೆಗಳಿಂದ ಸುಮಾರು ೩೫೦ ವಿಮಾನಗಳು ಎರಡು ಅಲೆಗಳಾಗಿ ಎರಗಿದುದು ಇದಕ್ಕೆ ನಿದರ್ಶನ. ಆದರೆ ಅವರ ವಿಮಾನಶಾಲೆಗಳು ಒಂದರ ಮೇಲೊಂದು ಕಟ್ಟಿದ, ಸುತ್ತಲೂ ಮುಚ್ಚಿದ ಕೋಣೆಗಳು. ಪೆಟ್ರೋಲು ತುಂಬುವುದು, ಬಾಂಬು ತೊಡಿಸುವುದು ಬಹುಮಟ್ಟಿಗೆ ಅದರೊಳಗೇ ನಡೆಯುತ್ತಿತ್ತು. ಮೇಲಣ ಡೆಕ್ಕಿಗೆ ಕವಚವಿರಲಿಲ್ಲ. ಬ್ರಿಟಿಷ್ ನೌಕೆಯ ಮುಚ್ಚುವಿಕೆಯೂ ಅಮೆರಿಕದ ನೌಕೆಯ ತೆಳುಡೆಕ್ಕೂ ಇಲ್ಲಿ ಒಟ್ಟುಗೂಡಿದ್ದುವು. ಒಂದರ ಕವಚವಾಗಲಿ ಇನ್ನೊಂದರ ಗಾಳಿಯಾಗಲಿ ಇರಲಿಲ್ಲ.

ವಿಮಾನಗಳಲ್ಲಿಯೂ ಇದೇ ಮನೋಧರ್ಮವು ಕಾಣುತ್ತದೆ. ಹೊರಿಕೊಶಿ ಜಿರೊ ರಚಿಸಿದ, ೧೯೩೯ರಲ್ಲಿ ಮೊದಲು ಹಾರಿದ ಜೀರೊ ಫೈಟರು ಬಹು ಹಗುರ. ಬಹುದೂರ ಹೋಗಬಲ್ಲುದು, ಚುರುಕಾಗಿ ತಿರುಗಬಲ್ಲುದು. ಆದರೆ ಅದರ ಚಾಲಕನಿಗೆ ಕವಚವಿರಲಿಲ್ಲ. ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಪೆಟ್ರೋಲು ತೊಟ್ಟಿಯೂ ಇರಲಿಲ್ಲ. ಅಮೆರಿಕದ ಹೆಲ್‌ಕ್ಯಾಟ್ ಭಾರವಾದುದು, ೨,೦೦೦ ಅಶ್ವಶಕ್ತಿಯ ಎಂಜಿನಿನದು, ಪೆಟ್ಟು ತಿಂದರೂ ಚಾಲಕನನ್ನು ನೌಕೆಗೆ ಮರಳಿಸತಕ್ಕುದು. ಬ್ರಿಟಿಷರ ಫುಲ್ಮಾರ್ ಇಬ್ಬರು ಕೂರುವ ಫೈಟರು. ದಿಕ್ಕುಗಾಣದ ಕಡಲಿನಲ್ಲಿ ದಾರಿ ತೋರಿಸಲು ಒಬ್ಬ ಜೊತೆಗಾರನು ಬೇಕೆಂಬ ಎಣಿಕೆಯಿಂದ ಅದರ ವೇಗವು ಬಲಿಯಾಯಿತು.

೫

ಈ ಮೂರು ಮತಗಳಿಗೂ ಯುದ್ಧವೇ ಒರೆಗಲ್ಲಾಯಿತು. ೧೯೪೧ರ ಜನವರಿ ೧೦ರಂದು ಮಾಲ್ಟಾದ ಹತ್ತಿರ ಜರ್ಮನ್ ವಿಮಾನಗಳ ಬಾಂಬುಗಳು ಇಲಸ್ಟ್ರಿಯಸ್ಸಿಗೆ ಮೇಲಿಂದ ಮೇಲೆ ತಗುಲಿದುವು. ಸಾವುನೋವು ಬಹಳವಾದರೂ ನೌಕೆ ಮುಳುಗದೆ ಬಂದರನ್ನು ಸೇರಿತು. ಮರುವರ್ಷ ಜೂನ್ ೪ರ ಮಿಡ್‌ವೇ ಕದನದಲ್ಲಿ ಜಪಾನಿನ ಅಕಗಿ, ಕಾಗ, ಸೋರ್ಯು, ಹಿರ್ಯು ಎಂಬ ನಾಲ್ಕು ನೌಕೆಗಳೂ ನಾಶಹೊಂದಿದುವು. ಅಕಗಿಗೆ ನೇರವಾಗಿ ತಗುಲಿದ ಒಂದು ಬಾಂಬೇ ಸಾಕಾಯಿತು. ಮುಚ್ಚಿದ ವಿಮಾನಶಾಲೆಯೊಳಗಿನ ಪೆಟ್ರೋಲೂ ಮದ್ದುಗುಂಡುಗಳೂ ಉಳಿದುದನ್ನು ಪೂರೈಸಿದುವು. ಆ ಕದನದಲ್ಲಿ ಮಡಿದ ಜಪಾನೀಯರು ಸುಮಾರು ೩,೦೦೦ ಮಂದಿ. ಅಮೆರಿಕದ ಯಾರ್ಕ್‌ಟೌನ್ ಕೂಡ ಪೆಟ್ಟು ತಿಂದಿತು. ಆದರೆ ಅದರ ಪೆಟ್ರೋಲು ಕೊಳವೆಗಳನ್ನು ಮೊದಲೇ ಬರಿದು ಮಾಡಿ ಇಂಗಾಲಾಮ್ಲ ವಾಯುವನ್ನು ತುಂಬಿದ್ದುದರಿಂದ ಬೆಂಕಿ ಹತೋಟಿಗೆ ಬಂದಿತು. ಕೊನೆಗೆ ಅದನ್ನು ಮುಳುಗಿಸಿದುದು ಸಬ್‌ಮೆರೀನಿನ ಟಾರ್ಪೆಡೊ.

ಹಾಗಾದರೆ ಕವಚವೇ ಸರ್ವರಕ್ಷಕವೆನ್ನಬಹುದೆ? ಅದೂ ಅಲ್ಲ. ಮಿಡ್‌ವೇಗೆ ಮುಂಚೆಯೇ ಜಪಾನೀಯರು ಕವಚದ ಡೆಕ್ಕುಳ್ಳ ತೈಹೊ ಎಂಬ ನೌಕೆಯನ್ನು ಕಟ್ಟತೊಡಗಿದ್ದರು. ೧೯೪೪ರ ಜೂನ್ ೧೯ರಂದು ಅದಕ್ಕೆ ಒಂದು ಟಾರ್ಪೆಡೊ ಮಾತ್ರ ತಗುಲಿತು. ನೌಕೆ ಮುಂದೆ ಸಾಗುತ್ತಲೇ ಇತ್ತು. ಆದರೆ ಸೋರಿದ ಪೆಟ್ರೋಲಿನ ಆವಿ ಒಳಗೆಲ್ಲ ಹರಡಿ, ಕೆಲವು ಗಂಟೆಗಳ ತರುವಾಯ ಸ್ಫೋಟಗೊಂಡು ನೌಕೆಯನ್ನು ಆಹುತಿ ತೆಗೆದುಕೊಂಡಿತು. ಕವಚವು ಮೇಲಣ ಪೆಟ್ಟನ್ನು ತಡೆಯಬಲ್ಲುದೇ ಹೊರತು ಒಳಗಿನ ನಾವಿಕರ ಶಿಕ್ಷಣದ ಕೊರತೆಯನ್ನು ತುಂಬಲಾರದು.

೧೯೪೫ರಲ್ಲಿ ಜಪಾನಿನ ಆತ್ಮಾಹುತಿ ವಿಮಾನಗಳು ನೌಕೆಗಳ ಮೇಲೆ ಬೀಳತೊಡಗಿದಾಗ ವ್ಯತ್ಯಾಸವು ಸ್ಫುಟವಾಯಿತು. ಮೇ ೪ರಂದು ಅಂತಹ ಪೆಟ್ಟು ತಿಂದ ಬ್ರಿಟನ್ನಿನ ಫಾರ್ಮಿಡಬಲ್ ಕೆಲವೇ ಗಂಟೆಗಳಲ್ಲಿ ಮತ್ತೆ ವಿಮಾನಗಳನ್ನು ಇಳಿಸಿಕೊಂಡಿತು. ಮೇ ೧೧ರಂದು ಅಮೆರಿಕದ ಬಂಕರ್ ಹಿಲ್ಲಿನಲ್ಲಿ ನಾನೂರರ ಸಮೀಪ ಜನ ಮಡಿದರು. ಆ ನೌಕೆ ಮತ್ತೆ ಕದನಕ್ಕೆ ಬರಲಿಲ್ಲ. ಇಷ್ಟರಿಂದಲೇ ಬ್ರಿಟಿಷರ ಮತವು ಗೆದ್ದಿತೆನ್ನಲಾಗದು. ಪೆಸಿಫಿಕ್ಕಿನ ಜಯವು ಲಭಿಸಿದುದು ಅಮೆರಿಕದ ವಿಮಾನಗಳ ಬಾಹುಳ್ಯದಿಂದ. ಅಲ್ಲದೆ ಕವಚದ ವಿಮಾನಶಾಲೆಯು ಹಡಗಿನ ಒಡಲಿಗೇ ಬೆಸೆದುಕೊಂಡಿದ್ದುದರಿಂದ ಅದನ್ನು ಹೊಸ ವಿಮಾನಗಳಿಗಾಗಿ ಮಾರ್ಪಡಿಸುವುದು ಬಹು ಕಷ್ಟವಾಯಿತು; ವಿಕ್ಟೋರಿಯಸ್ ನೌಕೆಯ ಪುನರ್ನಿರ್ಮಾಣವು ೧೯೫೦ರಿಂದ ೧೯೫೮ರವರೆಗೆ ನಡೆಯಿತು. ಎಸೆಕ್ಸ್ ವರ್ಗದ ಲೆಕ್ಸಿಂಗ್ಟನ್ ೧೯೯೧ರವರೆಗೂ ಸೇವೆಯಲ್ಲಿತ್ತು.

೬

ಯುದ್ಧಾನಂತರ ಈ ಮತಗಳು ಒಂದನ್ನೊಂದು ಸಮೀಪಿಸಿದುವು. ಅಮೆರಿಕನ್ನರು ತಮ್ಮ ದೊಡ್ಡ ನೌಕೆಗಳ ಡೆಕ್ಕಿಗೆ ಕವಚ ತೊಡಿಸಿದರು. ಬ್ರಿಟಿಷರು ಕಂಡುಹಿಡಿದ ಓರೆಡೆಕ್ಕು, ಹಬೆಯ ಕವಣೆಯಂತ್ರ, ಇಳಿಯುವವನಿಗೆ ದಾರಿ ತೋರುವ ಕನ್ನಡಿ ಈ ಮೂರನ್ನೂ ಸ್ವೀಕರಿಸಿದರು. ಈಗಿನ ಮುಖ್ಯ ಭೇದವು ವಿಮಾನವನ್ನು ಎಬ್ಬಿಸುವ ಕ್ರಮದಲ್ಲಿದೆ. ಅಮೆರಿಕದ ನೌಕೆಗಳೂ ಫ್ರಾನ್ಸಿನ ಶಾರ್ಲ್ ದ ಗಾಲ್ ನೌಕೆಯೂ ಕವಣೆಯಂತ್ರದಿಂದ ವಿಮಾನವನ್ನು ಎಸೆಯುತ್ತವೆ. ಆದುದರಿಂದ ಇಂಧನವನ್ನೂ ಆಯುಧವನ್ನೂ ತುಂಬ ಹೊತ್ತ ವಿಮಾನ ಏರಬಲ್ಲುದು. ಬ್ರಿಟನ್ನಿನ ಕ್ವೀನ್ ಎಲಿಜಬೆತ್ ನೌಕೆಯ ಮೂತಿ ಮೇಲಕ್ಕೆ ಬಾಗಿರುತ್ತದೆ. ಅದರ ಎಫ್-೩೫ಬಿ ವಿಮಾನ ಲಂಬವಾಗಿ ಇಳಿಯತಕ್ಕುದು. ಯಂತ್ರಭಾರ ಕಡಮೆ, ಆದರೆ ವಿಮಾನಗಳ ಆಯ್ಕೆಯೂ ಕಡಮೆ.

ಭಾರತವು ಈ ಪರಂಪರೆಗೆ ಸೇರಿದುದು ೧೯೬೧ರಲ್ಲಿ, ಬ್ರಿಟನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ನೌಕೆಯೊಂದನ್ನು ಪೂರ್ತಿಗೊಳಿಸಿ ವಿಕ್ರಾಂತವೆಂಬ ಹೆಸರಿನಿಂದ ಸೇವೆಗೆ ತಂದಾಗ. ೧೯೭೧ರ ಯುದ್ಧದಲ್ಲಿ ಅದರ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮುಂತಾದ ಬಂದರುಗಳ ಮೇಲೆ ದಾಳಿ ನಡೆಸಿದುವು. ೨೦೧೩ರಲ್ಲಿ ಸೇವೆಗೆ ಬಂದ ವಿಕ್ರಮಾದಿತ್ಯದ ನೆಲೆಯು ಕಾರವಾರ. ಅಲ್ಲಿಯ ನೌಕಾನೆಲೆಗೆ ಬನವಾಸಿಯ ಅರಸುಮನೆತನದ ಕದಂಬ ಎಂಬ ಹೆಸರು ಸಂದಿದೆ. ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ವಿಮಾನವು ೨೦೨೦ರ ಜನವರಿ ೧೧ರಂದು ಇದೇ ನೌಕೆಯ ಮೇಲೆ ಮೊದಲ ಬಾರಿಗೆ ಇಳಿಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತವೂ ಸೇವೆಗೆ ಬಂದಿತು. ಈ ಎರಡು ನೌಕೆಗಳೂ ಬಾಗಿದ ಮೂತಿಯಿಂದ ವಿಮಾನವನ್ನು ಏರಿಸಿ, ತಂತಿಯಿಂದ ತಡೆದು ಇಳಿಸಿಕೊಳ್ಳುವ ಮಧ್ಯಮ ಮಾರ್ಗವನ್ನು ಹಿಡಿದಿವೆ.

ಒಟ್ಟಿನಲ್ಲಿ ಹೇಳುವುದಾದರೆ, ಯಾವ ನೌಕೆಯೂ ಸರ್ವಗುಣಸಂಪನ್ನವಲ್ಲ. ರಚಿಸಿದವರು ಮುಂದಿನ ಯುದ್ಧವನ್ನು ಹೇಗೆ ಊಹಿಸಿದರೋ ಹಾಗೆ ಅದು ರೂಪುಗೊಳ್ಳುತ್ತದೆ. ಊಹೆ ತಪ್ಪಿದಲ್ಲಿ ಅದರ ಬೆಲೆಯನ್ನು ತೆರುವವರು ನೌಕೆಯಲ್ಲಿರುವ ನಾವಿಕರು.