ರಸ್ತೆಯೋ, ಟ್ರ್ಯಾಕೋ? ದೂರದ ಓಟಕ್ಕೆ ಎರಡೂ ಬೇಕು

ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ವಿಶ್ವ 10ಕೆ ಓಟ ನಗರವಾಸಿಗಳಲ್ಲಿ ದೂರದ ಓಟದ ಆಸಕ್ತಿ ಬೆಳೆಸಿದೆ. ಇಂಥ ಸ್ಪರ್ಧೆಗೆ ಸಿದ್ಧರಾಗುವವರನ್ನು ಕಾಡುವ ಮೊದಲ ಪ್ರಶ್ನೆ: ಅಭ್ಯಾಸ ರಸ್ತೆಯಲ್ಲೋ, ಕ್ರೀಡಾಂಗಣದ ಟ್ರ್ಯಾಕ್‌ನಲ್ಲೋ?

ಟ್ರ್ಯಾಕ್‌ನ ಹಿರಿಮೆ ನಿಖರತೆ. ಒಳಗಿನ ಮೊದಲ ಲೇನ್‌ನಲ್ಲಿ ಒಂದು ಸುತ್ತು 400 ಮೀಟರ್. 25 ಸುತ್ತಿಗೆ 10 ಕಿ.ಮೀ. 50 ನಿಮಿಷಗಳ ಗುರಿ ಇಟ್ಟುಕೊಂಡವರು ಪ್ರತಿ ಸುತ್ತನ್ನೂ 2 ನಿಮಿಷದಲ್ಲಿ ಮುಗಿಸಬೇಕು. ವೇಗ ತಪ್ಪಿದರೆ ಮೊದಲ ಸುತ್ತಿನಲ್ಲೇ ತಿಳಿಯುತ್ತದೆ. ಆದರೆ ಲೇನ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ: ಎಂಟನೇ ಲೇನ್‌ನ ಸುತ್ತು ಸುಮಾರು 453 ಮೀಟರ್. ಸಿಂಥೆಟಿಕ್ ಹಾಸು ಡಾಂಬರಿಗಿಂತ ಮೃದು. ಆದರೂ ಸದಾ ಎಡಕ್ಕೇ ತಿರುಗುವುದರಿಂದ ಎರಡು ಕಾಲುಗಳ ಮೇಲೆ ಬೀಳುವ ಹೊರೆ ಸಮನಾಗಿರದು.

ರಸ್ತೆಯಲ್ಲಿ ಏರಿಳಿತ, ತಿರುವು, ಬಿಸಿಲು, ಗಾಳಿ ಎಲ್ಲವೂ ಉಂಟು. ಸ್ಪರ್ಧೆಯಲ್ಲಿ ಎದುರಾಗುವುದೂ ಇವೇ. ಇಳಿಜಾರಿನಲ್ಲಿ ದೇಹದ ಭಾರವನ್ನು ತಡೆಯುತ್ತ ತೊಡೆಯ ಸ್ನಾಯುಗಳು ದಣಿಯುತ್ತವೆ; ಈ ಶ್ರಮವನ್ನು ಸಮತಟ್ಟಾದ ಟ್ರ್ಯಾಕ್ ಕಲಿಸಲಾರದು. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನತ್ತ ಓರೆಯಾಗಿಸಿರುತ್ತಾರೆ. ಹಾಗಾಗಿ ಒಂದೇ ಅಂಚಿನಲ್ಲಿ ಬಹುದೂರ ಓಡುವುದು ಕಾಲಿಗೆ ಒಳಿತಲ್ಲ. ವಾಹನಗಳ ಅಪಾಯವೂ ಇರುವುದರಿಂದ ಸಂಚಾರ ವಿರಳವಾದ ಮುಂಜಾನೆಯೇ ಪ್ರಶಸ್ತ.

ವಾರಕ್ಕೊಮ್ಮೆ ಟ್ರ್ಯಾಕ್‌ನಲ್ಲಿ ವೇಗದ ಅಭ್ಯಾಸ, ವಾರಾಂತ್ಯದಲ್ಲಿ ರಸ್ತೆಯಲ್ಲಿ ದೀರ್ಘ ಓಟ ಎಂಬ ಹಂಚಿಕೆ ಹಲವರಿಗೆ ಹೊಂದುತ್ತದೆ. ಒಂದರಿಂದ ಇನ್ನೊಂದಕ್ಕೆ ಒಮ್ಮೆಲೇ ಜಿಗಿಯದೆ, ಹೊಸ ನೆಲದ ಮೇಲಿನ ದೂರವನ್ನು ಮೆಲ್ಲನೆ ಹೆಚ್ಚಿಸಬೇಕು. ಮೊಣಕಾಲಿನಲ್ಲೋ ಮೀನಖಂಡದಲ್ಲೋ ನೋವು ಉಳಿದುಕೊಂಡರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣುವುದು ಲೇಸು.