ಬಹುವಚನದ ಬವಣೆ

ಕನ್ನಡದ ಮೇಷ್ಟರಿಗೆ ಇಂಗ್ಲಿಷ್ ವ್ಯಾಕರಣದ ಗೊಡವೆ ಏತಕ್ಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಕೇಶಿರಾಜನ ಸೂತ್ರಗಳನ್ನು ತರಗತಿಯಲ್ಲಿ ಬಿಡಿಸಿ ಹೇಳಿ ಹೊಟ್ಟೆ ಹೊರೆದುಕೊಳ್ಳುವ ನನ್ನಂಥವನು ಪರಭಾಷೆಯ ನಾಮಪದಗಳ ತಂಟೆಗೆ ಹೋಗುವ ಪ್ರಸಂಗ ಸಾಮಾನ್ಯವಾಗಿ ಒದಗುವುದಿಲ್ಲ. ಕಳೆದ ವರ್ಷ ಅಂಥದೊಂದು ಪ್ರಸಂಗ ಒದಗಿತು.

ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಹಳಗನ್ನಡ ಪದ್ಯದ ಅನ್ವಯ ಮಾಡುವುದರಲ್ಲಿ ಅವಳಿಗೆ ಸಮನಾದವರು ಕಡಿಮೆ. ಒಂದು ದಿನ ಪಾಠ ಮುಗಿದ ಮೇಲೆ ಆಕೆ ಬಳಿಗೆ ಬಂದು, ತಾನು ಕಾಲೇಜು ಬಿಟ್ಟು ಊರಿಗೆ ಹೋಗುವುದಾಗಿ ಹೇಳಿದಳು. ಕಾರಣ ಕೇಳಿದೆ. ಇಂಗ್ಲಿಷ್ ತರಗತಿಯಲ್ಲಿ ಎದ್ದು ನಿಂತು ಮಾತನಾಡುವಾಗ ‘ಚಿಲ್ಡ್ರನ್ಸ್’ ಎಂದುಬಿಟ್ಟಳಂತೆ. ತರಗತಿಗೆ ತರಗತಿಯೇ ನಕ್ಕಿತಂತೆ. ಅಂದಿನಿಂದ ಸಹಪಾಠಿಗಳು ಅವಳನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರು. “ಒಂದು ಅಕ್ಷರ ಹೆಚ್ಚಾದುದಕ್ಕೆ ಇಷ್ಟೆಲ್ಲ ಆಗಬೇಕೆ ಸಾರ್?” ಎಂದಳು. ಧೈರ್ಯವಾಗಿರು ಎಂಬ ಸವಕಲು ಮಾತನ್ನು ಬಿಟ್ಟು ಬೇರೇನೂ ನನಗೆ ಆ ಕ್ಷಣದಲ್ಲಿ ತೋಚಲಿಲ್ಲ. ಎರಡು ದಿನ ತಾಳು ಎಂದು ಹೇಳಿ ಕಳುಹಿಸಿ, ಆ ರಾತ್ರಿ ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಕೈಗೆತ್ತಿಕೊಂಡೆ.

ಇಂಗ್ಲಿಷಿನ ಬಹುವಚನವೆಂದರೆ ಪದದ ಕೊನೆಗೆ ಒಂದು ‘ಸ್’ ಸೇರಿಸುವುದು ಎಂದಷ್ಟೇ ನಾವು ಬಾಲ್ಯದಲ್ಲಿ ಕಲಿತವರು. ಆದರೆ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ‘ಸ್’ ಹಲವರಲ್ಲಿ ಒಬ್ಬನಾಗಿತ್ತೇ ಹೊರತು ಯಜಮಾನನಾಗಿರಲಿಲ್ಲ. ಕಲ್ಲಿಗೆ ‘ಸ್ಟಾನ್’, ಕಲ್ಲುಗಳಿಗೆ ‘ಸ್ಟಾನಸ್’. ಹೆಸರಿಗೆ ‘ನಮ’, ಹೆಸರುಗಳಿಗೆ ‘ನಮನ್’. ಇದು ಸಂಸ್ಕೃತದ ನಾಮನ್ ಶಬ್ದದ ದೂರದ ಬಂಧು. ಕುರಿಯಂಥ ಕೆಲವು ಪದಗಳು ಒಂದಿರಲಿ ನೂರಿರಲಿ ರೂಪವನ್ನು ಬದಲಿಸುತ್ತಲೇ ಇರಲಿಲ್ಲ. ‘ಶೀಪ್’ ಇಂದಿಗೂ ಹಾಗೆಯೇ ಉಳಿದಿದೆ. ಇನ್ನು ಕೆಲವಲ್ಲಿ ಬದಲಾದದ್ದು ಪದದ ಒಡಲೊಳಗಿನ ಸ್ವರ. ಪೂರ್ವದಲ್ಲಿ ಪ್ರತ್ಯಯದಲ್ಲಿದ್ದ ಇಕಾರವು ತನ್ನ ಹಿಂದಿನ ಸ್ವರವನ್ನು ತನ್ನತ್ತ ಎಳೆದುಕೊಂಡಿತು. ಬಳಿಕ ಪ್ರತ್ಯಯ ಸವೆದುಹೋಯಿತು, ಎಳೆದ ಗುರುತು ಮಾತ್ರ ಉಳಿಯಿತು. ‘ಫುಟ್’ ಎಂಬುದು ‘ಫೀಟ್’ ಆಗುವ, ‘ಮೌಸ್’ ಎಂಬುದು ‘ಮೈಸ್’ ಆಗುವ ಗುಟ್ಟು ಇದೇ. ನಾವು ಅಪವಾದಗಳೆಂದು ಶಪಿಸುತ್ತ ಉರು ಹೊಡೆಯುವ ಪದಗಳೆಲ್ಲ ಒಂದು ಕಾಲಕ್ಕೆ ನಿಯಮಬದ್ಧವಾಗಿದ್ದವುಗಳೇ. ನಿಯಮ ಅಳಿದ ಮೇಲೂ ಬದುಕಿ ಉಳಿದವುಗಳು.

ಇನ್ನು ‘ಚಿಲ್ಡ್ರನ್’ ಪದದ ಕಥೆ. ಮಗುವಿಗೆ ಹಳೆಯ ಇಂಗ್ಲಿಷಿನಲ್ಲಿ ‘ಚಿಲ್ಡ್’, ಮಕ್ಕಳಿಗೆ ‘ಚಿಲ್ಡ್ರು’. ಅದು ಮುಂದೆ ‘ಚಿಲ್ಡರ್’ ಆಯಿತು. ಅಲ್ಲಿಗೆ ಬಹುವಚನ ಪೂರ್ತಿಯಾಗಿತ್ತು. ಆದರೆ ರೇಫದಿಂದ ಮುಗಿಯುವ ಬಹುವಚನಗಳು ವಿರಳವಾದಂತೆ, ಅದು ಬಹುವಚನವೆಂಬ ಅರಿವೇ ಜನರಿಗೆ ಮಂಕಾಯಿತು. ದಕ್ಷಿಣ ಇಂಗ್ಲೆಂಡಿನವರು ತಮಗೆ ಬಳಕೆಯಲ್ಲಿದ್ದ ‘ಎನ್’ ಪ್ರತ್ಯಯವನ್ನು ಅದರ ಮೇಲೆ ಇನ್ನೊಮ್ಮೆ ಹಚ್ಚಿದರು. ಅಂದರೆ ಇಂದು ಶುದ್ಧವೆಂದು ಎಲ್ಲರೂ ಒಪ್ಪುವ ‘ಚಿಲ್ಡ್ರನ್’ ಬಹುವಚನದ ಮೇಲೆ ಬಹುವಚನ ಹೇರಿಸಿಕೊಂಡ ಪದ! ನನ್ನ ವಿದ್ಯಾರ್ಥಿನಿ ಮಾಡಿದ್ದು ಅದಕ್ಕೆ ಮೂರನೆಯದೊಂದನ್ನು ಸೇರಿಸಿದ ಅಪರಾಧ ಮಾತ್ರ.

ಪದವೊಂದು ಹೀಗೆ ನಗೆಗೋ ಜಗಳಕ್ಕೋ ಕಾರಣವಾಗುವುದು ಇಂಗ್ಲಿಷರಿಗೂ ಹೊಸದಲ್ಲ. ಇಂಗ್ಲೆಂಡಿಗೆ ಮುದ್ರಣಕಲೆಯನ್ನು ತಂದ ವಿಲಿಯಂ ಕ್ಯಾಕ್ಸ್‌ಟನ್, 1490ರಲ್ಲಿ ತಾನು ಅಚ್ಚು ಹಾಕಿದ ‘ಎನೆಯ್ಡೋಸ್’ ಗ್ರಂಥದ ಮುನ್ನುಡಿಯಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಥೇಮ್ಸ್ ನದಿಯಿಂದ ಹೊರಟ ವರ್ತಕರು ಗಾಳಿಯಿಲ್ಲದೆ ದಡದಲ್ಲಿ ತಂಗಬೇಕಾಯಿತು. ಅವರಲ್ಲೊಬ್ಬನು ಒಂದು ಮನೆಗೆ ಹೋಗಿ ‘ಎಗ್ಸ್’ ಕೇಳಿದನು. ಮನೆಯೊಡತಿ ತನಗೆ ಫ್ರೆಂಚ್ ಬಾರದೆಂದಳು. ವರ್ತಕನಿಗೆ ಸಿಟ್ಟು ಬಂತು, ಏಕೆಂದರೆ ಫ್ರೆಂಚ್ ಅವನಿಗೂ ಬಾರದು. ಕೊನೆಗೆ ಇನ್ನೊಬ್ಬನು ಆತನಿಗೆ ಬೇಕಾದುದು ‘ಐರೆನ್’ ಎಂದು ಬಿಡಿಸಿ ಹೇಳಿದಾಗ ಆಕೆಗೆ ಅರ್ಥವಾಯಿತು. ಆಕೆಯ ಪದ ದೇಶೀಯವಾದುದು, ‘ಚಿಲ್ಡ್ರನ್’ ಹಾಗೆಯೇ ಎರಡು ಬಹುವಚನ ಹೊತ್ತದ್ದು. ವರ್ತಕನ ಪದ ಸ್ಕ್ಯಾಂಡಿನೇವಿಯದವರಿಂದ ಬಂದದ್ದು. ಇಬ್ಬರೂ ಆಡಿದ್ದು ಇಂಗ್ಲಿಷೇ. ಮುಂದೆ ಗೆದ್ದದ್ದು ವರ್ತಕನ ಪದ. ಗೆದ್ದ ಪದವೇ ಶುದ್ಧಪದವಾಯಿತು.

ಗೆದ್ದ ‘ಸ್’ ಕೂಡ ನಾವು ಎಣಿಸುವಷ್ಟು ಸರಳವಲ್ಲ. ಬರಹದಲ್ಲಿ ಒಂದೇ ಅಕ್ಷರವಾದರೂ ನಾಲಗೆಯ ಮೇಲೆ ಅದಕ್ಕೆ ಮೂರು ರೂಪ. ಬೆಕ್ಕುಗಳು ‘ಕ್ಯಾಟ್ಸ್’, ನಾಯಿಗಳು ‘ಡಾಗ್ಜ್’, ಕುದುರೆಗಳು ‘ಹಾರ್ಸಿಜ್’. ಹಿಂದಿನ ವ್ಯಂಜನ ಯಾವುದೆಂಬುದರ ಮೇಲೆ ಉಚ್ಚಾರಣೆ ಬದಲಾಗುತ್ತದೆ. ನಮ್ಮ ಸಂಧಿನಿಯಮಗಳನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಜೀನ್ ಬರ್ಕೋ ಎಂಬ ಅಮೆರಿಕದ ವಿದುಷಿ 1958ರಲ್ಲಿ ಎಳೆಯ ಮಕ್ಕಳಿಗೆ ಕಲ್ಪಿತ ಪ್ರಾಣಿಯೊಂದರ ಚಿತ್ರ ತೋರಿಸಿ ಅದಕ್ಕೆ ‘ವಗ್’ ಎಂಬ ಅರ್ಥವಿಲ್ಲದ ಹೆಸರನ್ನಿಟ್ಟರು. ಎರಡು ಪ್ರಾಣಿಗಳ ಚಿತ್ರ ತೋರಿಸಿದಾಗ ಬಹುಪಾಲು ಮಕ್ಕಳು ‘ವಗ್ಜ್’ ಎಂದವು. ಹಿಂದೆಂದೂ ಕೇಳದ ಪದಕ್ಕೆ ಸರಿಯಾದ ಬಹುವಚನವನ್ನು ಮಕ್ಕಳು ತಾವಾಗಿ ಕಟ್ಟಿದವು. ಅವರಲ್ಲಿದ್ದದ್ದು ಕಂಠಪಾಠವಲ್ಲ, ನಿಯಮ. ‘ಚಿಲ್ಡ್ರನ್ಸ್’ ಎಂದವಳೂ ನಿಯಮವನ್ನೇ ಅನುಸರಿಸಿದ್ದಳು. ಅದು ಅಲ್ಲಿ ಸಲ್ಲುವುದಿಲ್ಲವೆಂಬುದೊಂದೇ ಅವಳಿಗೆ ತಿಳಿಯದೆ ಹೋದದ್ದು.

ವಾಕ್ಯದಲ್ಲಿ ನಾಮಪದವು ನಡೆದುಕೊಳ್ಳುವ ರೀತಿ ಇನ್ನೂ ಸ್ವಾರಸ್ಯವಾದುದು. ‘ನಾಯಿ ಹುಡುಗನನ್ನು ಕಚ್ಚಿತು’ ಎಂದರೂ ‘ಹುಡುಗನನ್ನು ನಾಯಿ ಕಚ್ಚಿತು’ ಎಂದರೂ ಕನ್ನಡದಲ್ಲಿ ಕಚ್ಚಿಸಿಕೊಂಡವನು ಹುಡುಗನೇ. ವಿಭಕ್ತಿಪ್ರತ್ಯಯವು ಪದವನ್ನು ಕಾಯುತ್ತದೆ. ಇಂಗ್ಲಿಷಿಗೂ ಒಮ್ಮೆ ನಾಲ್ಕು ಮುಖ್ಯ ವಿಭಕ್ತಿಗಳಿದ್ದವು. ಪದಾಂತ್ಯದ ಸ್ವರಗಳು ಸವೆದಂತೆ ಅವು ಕಳಚಿಹೋದವು. ಷಷ್ಠಿಯ ಒಂದು ‘ಸ್’ ಮಾತ್ರ ಉಳಿಯಿತು. ಆಮೇಲೆ ಸ್ಥಾನವೇ ವಿಭಕ್ತಿಯಾಯಿತು. ಕ್ರಿಯಾಪದದ ಮುಂದೆ ಕುಳಿತವನು ಕರ್ತೃ, ಹಿಂದೆ ಕುಳಿತವನು ಕರ್ಮ. ಪೀಠ ಬದಲಿಸಿದರೆ ನಾಯಿಯನ್ನು ಹುಡುಗನೇ ಕಚ್ಚಿದಂತಾಗುತ್ತದೆ! ಒಂದು ನಾಮಪದ ಇನ್ನೊಂದರ ಮುಂದೆ ನಿಂತು ಅದಕ್ಕೆ ವಿಶೇಷಣವಾಗುವಾಗ ಸಾಮಾನ್ಯವಾಗಿ ಬಹುವಚನವನ್ನು ಹೊರಗೇ ಬಿಟ್ಟು ಬರುತ್ತದೆ. ಬಾಯಲ್ಲಿರುವ ಹಲ್ಲನ್ನೆಲ್ಲ ಉಜ್ಜಿದರೂ ಅದು ‘ಟೂತ್‌ಬ್ರಷ್’, ‘ಟೀತ್‌ಬ್ರಷ್’ ಅಲ್ಲ. ನಮ್ಮ ಹಲ್ಲುಪುಡಿಯೂ ಹಲ್ಲುಗಳ ಪುಡಿಯಲ್ಲವಷ್ಟೆ.

ಇಷ್ಟು ಓದಿದ ಮೇಲೆ ನನ್ನ ಕಣ್ಣು ನಮ್ಮ ಮನೆಯ ಕಡೆಗೇ ತಿರುಗಿತು. ನಾವು ‘ಹತ್ತು ರೂಪಾಯಿ’, ‘ನಾಲ್ಕು ಮರ’ ಎನ್ನುತ್ತೇವೆ. ಸಂಖ್ಯೆ ಹೇಳಿದ ಮೇಲೆ ‘ಗಳು’ ಏತಕ್ಕೆಂಬ ಜಿಪುಣತನ ನಮ್ಮದು. ಆದರೆ ಮನುಷ್ಯರ ವಿಷಯ ಬಂದಾಗ ‘ನಾಲ್ಕು ಹುಡುಗ’ ಎನ್ನುವಂತಿಲ್ಲ. ಮಗುವಿನ ಬಹುವಚನ ‘ಮಗುಗಳು’ ಅಲ್ಲ, ‘ಮಕ್ಕಳು’. ಇಂಗ್ಲಿಷ್ ತೊಡರುವ ಎಡೆಯಲ್ಲೇ ಕನ್ನಡವೂ ತೊಡರುತ್ತದೆ. ‘ದೇವ’ನ ಬಹುವಚನವಾದ ‘ದೇವರು’ ಗೌರವದಿಂದ ಏಕವಚನವೇ ಆಗಿಬಿಟ್ಟದ್ದರಿಂದ ಹಲವು ದೇವರನ್ನು ಹೇಳಬೇಕಾದಾಗ ‘ದೇವರುಗಳು’ ಎನ್ನುತ್ತೇವೆ. ಯಾರೂ ನಗುವುದಿಲ್ಲ. ಅದೂ ಬಹುವಚನದ ಮೇಲಿನ ಬಹುವಚನವೇ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ ‘ಜನರುಗಳು’ ಎಂದು ಬರೆದಿದ್ದ. ನಾನು ಅದನ್ನು ಕೆಂಪು ಮಸಿಯಿಂದ ಸುತ್ತಿದ್ದು ಮಾತ್ರವಲ್ಲದೆ ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ್ದೆ. ತಿದ್ದಿದ್ದು ನನ್ನ ಕರ್ತವ್ಯ. ನಗಿಸಿದ್ದು ಕರ್ತವ್ಯವಾಗಿರಲಿಲ್ಲ. ಆ ಹುಡುಗನು ಅನಂತರ ನನ್ನ ತರಗತಿಯಲ್ಲಿ ಬಾಯಿ ತೆರೆದದ್ದು ನೆನಪಿಲ್ಲ. ಆಗ ನನಗದು ಶಿಸ್ತಿನಂತೆ ಕಂಡಿತ್ತು.

ಎರಡು ದಿನ ಕಳೆದು ವಿದ್ಯಾರ್ಥಿನಿ ಬಂದಳು. ‘ಚಿಲ್ಡ್ರು’ವಿನಿಂದ ‘ಐರೆನ್’ವರೆಗಿನ ಕಥೆಯನ್ನೆಲ್ಲ ಹೇಳಿದೆ. ಆಕೆ ಕೇಳಿ, “ಹಾಗಾದರೆ ನಾನು ಹೇಳಿದ್ದು ಸರಿಯೇ ಸಾರ್?” ಎಂದಳು. ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಇಲ್ಲಮ್ಮ, ಇಂದಿನ ಬಳಕೆಯಲ್ಲಿ ತಪ್ಪೇ. ಪರೀಕ್ಷೆಯಲ್ಲಿ ‘ಚಿಲ್ಡ್ರನ್’ ಎಂದೇ ಬರೆ. ಆದರೆ ಅದು ತಿದ್ದಿಕೊಳ್ಳುವ ತಪ್ಪು, ನಾಚಿಕೊಳ್ಳುವ ತಪ್ಪಲ್ಲ” ಎಂದೆ. ‘ಜನರುಗಳು’ ಬರೆದ ಹುಡುಗನ ಕಥೆಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನಿಗೂ ಇದನ್ನು ಹೇಳಬೇಕಿತ್ತು ಸಾರ್” ಎಂದಳು.

ಅವಳು ಕಾಲೇಜು ಬಿಡಲಿಲ್ಲ. ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಭಾನುವಾರದ ಪತ್ರಿಕೆಯನ್ನು ಓದುವ ಅಭ್ಯಾಸ ಅವನಿಗೆ ಇದ್ದರೆ, ಈ ಲೇಖನ ಅವನ ಕಣ್ಣಿಗೆ ಬೀಳಲಿ.