ಎಂಜಿನ್ನಿನ ಬಡಿತ ತಪ್ಪಿದರೆ ಗುರುತಿಸುವುದು ಹೇಗೆ?



ಗಾಡಿಗೆ ಹೂಡಿದ ಎತ್ತು ಕುಂಟತೊಡಗಿದರೆ ಅದರ ಕೊರಳ ಗಂಟೆಯ ಸದ್ದಿನಿಂದಲೇ ನಿಮಗೆ ಗೊತ್ತಾಗುತ್ತದೆ. ಕೂಡಲೇ ಇಳಿದು ಕಾಲು ನೋಡುತ್ತೀರಿ. ಮುಳ್ಳು ಚುಚ್ಚಿದ್ದರೆ ತೆಗೆಯುತ್ತೀರಿ. ಹೊಳೆಯ ದಡದಲ್ಲಿ, ಕಾಲುವೆಯ ಮಗ್ಗುಲಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನಿಗೂ ಇದೇ ನ್ಯಾಯ. ಅದರ ಬಡಿತ ನಡುನಡುವೆ ತಪ್ಪುವುದನ್ನು ಮೆಕ್ಯಾನಿಕ್ಕುಗಳು 'ಮಿಸ್ಸಿಂಗ್' ಎನ್ನುತ್ತಾರೆ. ಸದ್ದು ಕೆಟ್ಟದ್ದು ತಿಳಿದರೂ ವೇಗ ಏರಿಸಿ ಓಡಿಸುವವರು ಬಹಳ ಮಂದಿ. ಹೀಗೆ ಓಡಿಸಿದ ಎಂಜಿನ್ನು ಪೈರಿಗೆ ನೀರು ಬೇಕಾದ ದಿನವೇ ಕೈಕೊಟ್ಟೀತು.

ಬಡಿತ ಎಂದರೇನು?

ಪಂಪ್‌ಸೆಟ್ಟಿನ ಎಂಜಿನ್ನು ಸಾಮಾನ್ಯವಾಗಿ ನಾಲ್ಕು ಹೆಜ್ಜೆಗಳಲ್ಲಿ ಕೆಲಸ ಮಾಡುತ್ತದೆ: ಗಾಳಿಯನ್ನು ಒಳಗೆಳೆಯುವುದು, ಅದನ್ನು ಒತ್ತುವುದು, ಡೀಸೆಲ್ ಉರಿದು ಪಿಸ್ಟನ್ನನ್ನು ತಳ್ಳುವುದು, ಹೊಗೆಯನ್ನು ಹೊರದೂಡುವುದು. ಇವು ಮುಗಿಯುವಷ್ಟರಲ್ಲಿ ಫ್ಲೈವೀಲು ಎರಡು ಸುತ್ತು ತಿರುಗಿರುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಒಂದು ಸಿಲಿಂಡರಿನ ಎಂಜಿನ್ನಿನಲ್ಲಿ ಡೀಸೆಲ್ 750 ಸಲ ಉರಿಯಬೇಕು. ಹತ್ತಕ್ಕೆ ಒಂದು ಸಲ ಉರಿಯದೆ ಹೋದರೆ ನಿಮಿಷಕ್ಕೆ 75 ಬಡಿತ ನಷ್ಟ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಬಲವಾಗಿ ಒತ್ತಲ್ಪಟ್ಟ ಗಾಳಿ ಬಹಳ ಬಿಸಿಯಾಗುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮೂರು ಸಂಗತಿಗಳು ಸರಿಯಿರಬೇಕು: ಗಾಳಿಯ ಒತ್ತಡ ಸೋರಬಾರದು, ಡೀಸೆಲ್ ಶುದ್ಧವಾಗಿರಬೇಕು, ಅದು ತಕ್ಕ ಹೊತ್ತಿಗೆ ನಾಜಲಿನಿಂದ ಮಂಜಿನಂತೆ ಸಿಡಿಯಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಬಡಿತ ತಪ್ಪುತ್ತದೆ.

ಅಲಕ್ಷ್ಯ ಮಾಡಿದರೆ ಆಗುವ ನಷ್ಟ

ಉರಿಯದ ಡೀಸೆಲ್ ಎಲ್ಲವೂ ಹೊಗೆಯೊಡನೆ ಹೊರಗೆ ಹೋಗುವುದಿಲ್ಲ. ಒಂದಿಷ್ಟು ಸಿಲಿಂಡರಿನ ಗೋಡೆಗೆ ಅಂಟಿದ ಎಂಜಿನ್ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಆಯಿಲಿನಲ್ಲಿ ಬೆರೆಯುತ್ತದೆ. ಆಯಿಲ್ ತೆಳುವಾಗಿ ರಿಂಗು, ಲೈನರ್, ಬೇರಿಂಗು ಸವೆಯುತ್ತವೆ. ಅಳತೆಯ ಕಡ್ಡಿ ತೆಗೆದು ನೋಡಿ. ನೀವು ಹಾಕದೆಯೇ ಆಯಿಲ್ ಮಟ್ಟ ಏರಿದ್ದರೆ, ಡೀಸೆಲಿನ ವಾಸನೆ ಬರುತ್ತಿದ್ದರೆ, ಎಂಜಿನ್ನನ್ನು ಓಡಿಸಬೇಡಿ. ಮೊದಲು ದೋಷ ಸರಿಪಡಿಸಿ, ಆಯಿಲ್ ಬದಲಾಯಿಸಿ.

ಕಿವಿ ಮತ್ತು ಕಣ್ಣಿನ ಪರೀಕ್ಷೆ

ಎಂಜಿನ್ನು ಬಿಸಿಯಾದ ಮೇಲೆ ಸೈಲೆನ್ಸರಿನಿಂದ ನಾಲ್ಕು ಮಾರು ದೂರ ನಿಂತು ಕೇಳಿ. ಸಮನಾದ ತಾಳದ ನಡುವೆ ಒಂದು ಬಡಿತ ಬಿಟ್ಟು ಹೋಗಿ ಎಂಜಿನ್ನು ಜಗ್ಗಿದಂತಾದರೆ ಅದೇ ಮಿಸ್ಸಿಂಗ್. ವೇಗ ನಿಧಾನವಾಗಿ ಏರಿ ಇಳಿಯುತ್ತಿದ್ದರೆ ಮೊದಲು ಪಂಪಿನ ನೀರನ್ನು ನೋಡಿ. ನೀರು ಗಾಳಿಯೊಡನೆ ತುಂಡು ತುಂಡಾಗಿ ಬರುತ್ತಿದ್ದರೆ ಹೀರುವ ಪೈಪು ಗಾಳಿ ಎಳೆಯುತ್ತಿರಬಹುದು. ಆಗ ತಪ್ಪು ಎಂಜಿನ್ನಿನದಲ್ಲ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಚಳಿಯ ಬೆಳಿಗ್ಗೆ ಕೆಲವು ನಿಮಿಷ ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು ಕಣ್ಣು ಉರಿದರೆ ಡೀಸೆಲ್ ಉರಿಯದೆ ಹೋಗುತ್ತಿರಬಹುದು. ಕಪ್ಪು ಹೊಗೆಗೆ ಗಾಳಿಯ ಫಿಲ್ಟರ್ ಕಟ್ಟಿರುವುದು, ಭಾರ ಹೆಚ್ಚಾಗಿರುವುದು ಇಲ್ಲವೆ ನಾಜಲ್ ಸೋರುವುದು ಕಾರಣ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ.

ದೋಷ ಹುಡುಕುವ ಕ್ರಮ

ಖರ್ಚಿಲ್ಲದ್ದನ್ನು ಮೊದಲು ನೋಡಿ. ಬಿಚ್ಚುವ ಕೆಲಸ ಕೊನೆಗಿರಲಿ.

1. ಟ್ಯಾಂಕಿನ ತಳದ ಡೀಸೆಲನ್ನು ಗಾಜಿನ ಸೀಸೆಯಲ್ಲಿ ಹಿಡಿದು ಅಲುಗಾಡಿಸದೆ ಇಡಿ. ನೀರು ಡೀಸೆಲಿಗಿಂತ ಭಾರ. ಬೆರೆತಿದ್ದರೆ ಕಸದೊಡನೆ ತಳದಲ್ಲಿ ನಿಲ್ಲುತ್ತದೆ. ಹಾಗಿದ್ದರೆ ಟ್ಯಾಂಕನ್ನು ತೊಳೆಯಬೇಕು.

2. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಬದಲಾಯಿಸಿ.

3. ಟ್ಯಾಂಕಿನ ನಲ್ಲಿ ತೆರೆದು, ಫಿಲ್ಟರಿನ ಗಾಳಿ ಬಿಡುವ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ. ಗುಳ್ಳೆಗಳು ನಿಂತು ಡೀಸೆಲ್ ಒಂದೇ ಧಾರೆಯಾಗಿ ಬಂದ ಮೇಲೆ ಬಿಗಿ ಮಾಡಿ. ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ ಪೈಪಿನ ಜೋಡಣೆಯಲ್ಲಿ ಸಂದು ಇದೆ.

4. ಎಂಜಿನ್ನನ್ನು ನಿಲ್ಲಿಸಿ, ಡೀಸೆಲ್ ಬಂದ್ ಮಾಡಿ, ಒತ್ತಡ ಬಿಡುವ ಲಿವರ್ ಇದ್ದರೆ ಮುಚ್ಚಿ, ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಎರಡು ಸುತ್ತಿಗೊಮ್ಮೆ ಅದು ಬಲವಾಗಿ ತಡೆದು ಹಿಂದಕ್ಕೆ ದೂಡಬೇಕು. ಸಲೀಸಾಗಿ ತಿರುಗಿದರೆ ವಾಲ್ವು, ರಿಂಗು ಇಲ್ಲವೆ ಹೆಡ್ ಗ್ಯಾಸ್ಕೆಟ್ಟಿನಲ್ಲಿ ಒತ್ತಡ ಸೋರುತ್ತಿದೆ.

ಇವೆಲ್ಲ ಸರಿಯಿದ್ದೂ ಬಡಿತ ತಪ್ಪಿದರೆ ನಾಜಲನ್ನು ಪರೀಕ್ಷಾ ಯಂತ್ರವಿರುವ ಅಂಗಡಿಗೆ ಒಯ್ಯಿರಿ. ತಂತಿಯಿಂದ ಕೆದಕಿದರೆ ಅದರ ಸೂಕ್ಷ್ಮ ರಂಧ್ರ ಕೆಡುತ್ತದೆ.

ಟ್ರಾಕ್ಟರಿನಲ್ಲಿ

ಮೂರು ಸಿಲಿಂಡರಿನ ಟ್ರಾಕ್ಟರಿನಲ್ಲಿ ಒಂದು ಸತ್ತರೆ ಶಕ್ತಿಯ ಮೂರರಲ್ಲೊಂದು ಪಾಲಿಗೂ ಹೆಚ್ಚು ಹೋಗುತ್ತದೆ. ಉಳಿದೆರಡು ಅದನ್ನೂ ಹೊತ್ತು ತಿರುಗಬೇಕು. ಯಾವುದು ಸತ್ತಿದೆ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತಿನಲ್ಲಿ ಪ್ರತಿ ಸಿಲಿಂಡರಿನ ಹೊಗೆ ಹೊರಡುವ ಜಾಗಕ್ಕೆ ಒಂದೊಂದು ಹನಿ ನೀರು ಬಿಡಿ. ಚುರ್ ಎಂದು ಆರಿದ ಕಡೆ ಬೆಂಕಿ ಇದೆ. ಹನಿ ಹಾಗೆಯೇ ನಿಂತರೆ ಆ ಸಿಲಿಂಡರ್ ಉರಿಯುತ್ತಿಲ್ಲ.

ಮೆಕ್ಯಾನಿಕ್ಕುಗಳು ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ದೋಷ ಅಲ್ಲಿಯೇ. ಇದನ್ನು ಅನುಭವವಿಲ್ಲದವರು ಮಾಡಬಾರದು. ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು; ಇಲ್ಲವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಕಾಮನ್ ರೈಲ್ ಇರುವ ಹೊಸ ಟ್ರಾಕ್ಟರುಗಳಲ್ಲಿ ಒತ್ತಡ ಇನ್ನೂ ಬಹಳ ಹೆಚ್ಚು. ಅವುಗಳ ಪೈಪನ್ನು ಎಂಜಿನ್ನು ಓಡುವಾಗ ಯಾರೂ ಸಡಿಲಿಸಲೇಬಾರದು.

ಪೆಟ್ರೋಲ್ ಎಂಜಿನ್ನಿನಲ್ಲಿ

ಪೆಟ್ರೋಲಿನ ಸಣ್ಣ ಪಂಪು, ಸಿಂಪಡಣೆ ಯಂತ್ರಗಳಲ್ಲಿ ಮೊದಲು ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣವಿದ್ದರೆ ಉರಿತ ಸರಿಯಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿ ಹಾರದಿರಬಹುದು.

ಈಗಿನ ಕಾರುಗಳಲ್ಲಿ ಈ ದೋಷವನ್ನು ಕಂಪ್ಯೂಟರ್ ಹಿಡಿಯುತ್ತದೆ. ಒಂದೊಂದು ಉರಿತಕ್ಕೂ ತಿರುಗುವ ದಂಡದ ವೇಗ ತುಸು ಏರಬೇಕು. ಏರದಿದ್ದರೆ ಸಂವೇದಕ ಅದನ್ನು ಗಮನಿಸಿ ದೀಪ ಹೊತ್ತಿಸುತ್ತದೆ. ನಿಮ್ಮ ಪಂಪ್‌ಸೆಟ್ಟಿಗೆ ಆ ದೀಪವಿಲ್ಲ. ನಿಮ್ಮ ಕಿವಿಯೇ ಆ ಕೆಲಸ ಮಾಡಬೇಕು.

ಕೊನೆಯದಾಗಿ ಎರಡು ಎಚ್ಚರಿಕೆಯ ಮಾತು. ಬಾಗಿಲು ಮುಚ್ಚಿದ ಪಂಪಿನ ಮನೆಯಲ್ಲಿ ಎಂಜಿನ್ನು ಓಡಿಸಬೇಡಿ. ಹೊಗೆಯಲ್ಲಿ ಪ್ರಾಣ ತೆಗೆಯುವ ವಿಷಗಾಳಿ ಇದೆ. ಪಂಚೆ, ಸೆರಗು, ಟವೆಲುಗಳನ್ನು ಬಿಗಿಯಾಗಿ ಕಟ್ಟಿಕೊಂಡೇ ಬೆಲ್ಟಿನ ಹತ್ತಿರ ಹೋಗಿ. ದಿನವೂ ನೀರು ಬಿಡುವ ಮುನ್ನ ಎರಡು ನಿಮಿಷ ನಿಂತು ಬಡಿತ ಕೇಳುವ ರೂಢಿ ಮಾಡಿಕೊಳ್ಳಿ. ಎಂಜಿನ್ನು ಚೆನ್ನಾಗಿರುವಾಗಿನ ತಾಳ ಕಿವಿಗೆ ಪರಿಚಯವಾದರೆ, ತಪ್ಪಿದ ದಿನ ಯಾರೂ ಹೇಳಬೇಕಾಗಿಲ್ಲ.